ವಯಸ್ಸಿನ ಅಂತರ: ರುಟ್ಟಿ, ರಮಾಬಾಯಿ ಮತ್ತು ನಮ್ಮಜ್ಜಿ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋ ನೋಡಿದವರಿಗೆ ಕಥೆ ಗೊತ್ತೇ ಇದೆ, ನೋಡದವರು ಇಲ್ಲಿಂದಲೇ ಓದಬಹುದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿಗಳನ್ನೂ ಒಂದೆರಡು ಸಂಗತಿಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಈ ಸಲದ ವಿಷಯ ಬಂದದ್ದು ನಮ್ಮ ಮನೆಯ ಜಗಳದಿಂದ. ಪುಣೆಯಲ್ಲಿರುವ ನನ್ನ ಅಕ್ಕನ ಮಗಳಿಗೆ ಈಗ 27 ವರ್ಷ. ಒಳ್ಳೆಯ ಕೆಲಸ, ಸ್ವಂತ ಬಾಡಿಗೆ ಮನೆ, ಸ್ವಂತ ಸ್ಕೂಟರ್. ಎರಡು ವರ್ಷದಿಂದ ಒಬ್ಬರ ಜೊತೆ ಓಡಾಡುತ್ತಿದ್ದಾಳೆ. ಅವರಿಗೆ 45. ವಿಷಯ ಅಕ್ಕನ ಕಿವಿಗೆ ಬಿದ್ದದ್ದೇ ತಡ, ಮನೆಯಲ್ಲಿ ಮಾತು ನಿಂತುಹೋಯಿತು. ಅಕ್ಕ ನನಗೆ ಫೋನ್ ಮಾಡಿ ಅತ್ತಳು. "ನಿನ್ನ ವಯಸ್ಸಿಗೆ ಹತ್ತಿರ ಇರೋ ಗಂಡಸು ಕಣೋ. ಅವನಿಗೆ ಅರವತ್ತಾಗೋ ಹೊತ್ತಿಗೆ ಇವಳಿಗೆ ಎಷ್ಟಾಗತ್ತೆ ಲೆಕ್ಕ ಹಾಕು" ಅಂದಳು. ಅರ್ಧ ಗಂಟೆಯ ನಂತರ ಅವಳ ಮಗಳ ಫೋನು. "ಮಾವ, ನೀನು ಇತಿಹಾಸ ಅಂತ ಅಷ್ಟೆಲ್ಲ ಮಾತಾಡ್ತೀಯಲ್ಲ. ನಮ್ಮ ಅಮ್ಮಮ್ಮನಿಗೂ ಅಜ್ಜನಿಗೂ ಎಷ್ಟು ವರ್ಷ ಅಂತರ ಇತ್ತು? ಅದು ಮರ್ಯಾದೆ, ನಂದು ಮಾತ್ರ ಅವಮಾನಾನಾ?"

ಅವಳು ಕೇಳಿದ್ದು ಸುಳ್ಳಲ್ಲ. ನಮ್ಮಜ್ಜಿ, ಅಂದರೆ ನನ್ನ ಅಮ್ಮನ ಅಮ್ಮ, ಹೊನ್ನಾವರದ ಕಡೆಯವಳು. 1933ರಲ್ಲಿ ಮದುವೆಯಾದಾಗ ಅವಳಿಗೆ 13. ಅಜ್ಜನಿಗೆ 37, ಎರಡನೇ ಸಂಬಂಧ. ಇಪ್ಪತ್ತನಾಲ್ಕು ವರ್ಷದ ಅಂತರ. ನಮ್ಮ ಮನೆಯ ಗೋಡೆಯ ಮೇಲೆ ಅವರಿಬ್ಬರ ಫೋಟೋ ಇದೆ, ಹಬ್ಬದ ದಿನ ಹಾರ ಹಾಕುತ್ತೇವೆ. ಆ ಅಂತರದ ಬಗ್ಗೆ ನಾವು ಯಾರೂ ಯಾವತ್ತೂ ಮಾತಾಡಿದ್ದಿಲ್ಲ.

ಹಾಗಾದರೆ ಏನು ಬದಲಾಯಿತು? ಹಿಂದೆ ಯಾರಿಗೂ ಕಾಣದೇ ಇದ್ದ ಅಂತರ ಈಗ ಯಾಕೆ ಕಣ್ಣಿಗೆ ಹೊಡೆಯುತ್ತದೆ? ಮುಂಬೈಯಲ್ಲಿ ಇದ್ದುಕೊಂಡು ಈ ಪ್ರಶ್ನೆ ಹಾಕಿಕೊಂಡರೆ ಒಂದು ಕಥೆಯನ್ನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಅದು ನಮ್ಮ ಊರಿನದೇ ಕಥೆ. ಮಲಬಾರ್ ಹಿಲ್‌ನಲ್ಲಿ ಶುರುವಾಗಿ ಮಜಗಾಂವ್‌ನಲ್ಲಿ ಮುಗಿಯುತ್ತದೆ.

ಗೆಳೆಯನ ಮಗಳು

ರತನ್‌ಬಾಯಿ ಪೆಟಿಟ್ ಹುಟ್ಟಿದ್ದು 1900ರ ಫೆಬ್ರುವರಿ 20ರಂದು. ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ರುಟ್ಟಿ ಎಂದು. ತಂದೆ ಸರ್ ದಿನ್ಶಾ ಪೆಟಿಟ್, ಮುಂಬೈಯ ಹತ್ತಿಗಿರಣಿಗಳ ದೊಡ್ಡ ಪಾರ್ಸಿ ಮನೆತನ. ಹುಡುಗಿಗೆ ಪುಸ್ತಕದ ಹುಚ್ಚು, ಕವಿತೆಯ ಹುಚ್ಚು, ಸಾಕುಪ್ರಾಣಿಗಳ ಹುಚ್ಚು, ಅದರ ಜೊತೆಗೆ ದೇಶದ ರಾಜಕೀಯದ ಹುಚ್ಚು.

ಮೊಹಮ್ಮದ್ ಅಲಿ ಜಿನ್ನಾ ಹುಟ್ಟಿದ್ದು 1876ರ ಡಿಸೆಂಬರ್ 25ರಂದು. ಜಿನ್ನಾ ಎಂದ ಕೂಡಲೇ ನಮ್ಮೆಲ್ಲರ ಮನಸ್ಸು 1947ಕ್ಕೆ ಹಾರುತ್ತದೆ, ನನಗೆ ಗೊತ್ತು. ದಯವಿಟ್ಟು ಸ್ವಲ್ಪ ಹೊತ್ತು ಅದನ್ನು ಪಕ್ಕಕ್ಕಿಡಿ. ನಾವು ಮಾತಾಡುತ್ತಿರುವುದು 1916ರ ಜಿನ್ನಾ ಬಗ್ಗೆ. ಆಗ ಅವರು ಕಾಂಗ್ರೆಸ್ಸಿನಲ್ಲಿ ಇದ್ದವರು, ಲಖನೌ ಒಪ್ಪಂದಕ್ಕೆ ದುಡಿದವರು, ಮುಂಬೈ ಹೈಕೋರ್ಟಿನ ಹೆಸರಾಂತ ವಕೀಲರು. ಇಂಗ್ಲೆಂಡಿಗೆ ಓದಲು ಹೋಗುವ ಮುಂಚೆ, ಹದಿನಾರರ ಹರೆಯದಲ್ಲಿ, ತಾಯಿಯ ಒತ್ತಾಯಕ್ಕೆ ಎಮೀಬಾಯಿ ಎಂಬ ಹುಡುಗಿಯನ್ನು ಮದುವೆಯಾಗಿದ್ದರು. ಅವರು ಲಂಡನ್ನಿನಲ್ಲಿ ಇದ್ದಾಗಲೇ ಆ ಹುಡುಗಿ ತೀರಿಕೊಂಡಳು. ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂಟಿ.

ದಿನ್ಶಾ ಪೆಟಿಟ್ ಮತ್ತು ಜಿನ್ನಾ ಗೆಳೆಯರು. ಇಬ್ಬರಿಗೂ ಮೂರೇ ವರ್ಷದ ಅಂತರ. 1916ರ ಬೇಸಿಗೆಯಲ್ಲಿ ಪೆಟಿಟ್ ಕುಟುಂಬ ಡಾರ್ಜಿಲಿಂಗ್‌ಗೆ ಹೋದಾಗ ಜಿನ್ನಾ ಅವರೂ ಅಲ್ಲಿದ್ದರು. ರುಟ್ಟಿಗೆ 16, ಜಿನ್ನಾಗೆ 39.

ಮುಂದೆ ನಡೆದದ್ದನ್ನು ಎಂ. ಸಿ. ಛಾಗ್ಲಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಛಾಗ್ಲಾ ಆಮೇಲೆ ಮುಂಬೈ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದವರು, ಎಳೆಯ ವಯಸ್ಸಿನಲ್ಲಿ ಜಿನ್ನಾ ಅವರ ಕೈಕೆಳಗೆ ವಕೀಲಿ ಕಲಿತವರು. ಜಿನ್ನಾ ಒಂದು ದಿನ ಗೆಳೆಯ ದಿನ್ಶಾ ಅವರನ್ನು ಕೇಳಿದರಂತೆ: ಬೇರೆ ಬೇರೆ ಧರ್ಮದವರು ಮದುವೆಯಾಗುವ ಬಗ್ಗೆ ನಿಮ್ಮ ಅಭಿಪ್ರಾಯ ಏನು? ದಿನ್ಶಾ ಬಹಳ ಉತ್ಸಾಹದಿಂದ, ಅದರಿಂದ ದೇಶ ಒಂದಾಗುತ್ತದೆ ಎಂದರಂತೆ. ಹಾಗಾದರೆ ನಿಮ್ಮ ಮಗಳನ್ನು ನನಗೆ ಕೊಡಿ ಎಂದರಂತೆ ಜಿನ್ನಾ. ಅಲ್ಲಿಗೆ ಗೆಳೆತನ ಮುಗಿಯಿತು. ವೇದಿಕೆಯ ಮೇಲೆ ಹೇಳುವ ಮಾತು ಬೇರೆ, ಮನೆಯ ಹೊಸ್ತಿಲಲ್ಲಿ ಹೇಳುವ ಮಾತು ಬೇರೆ. ಇದು ನಮ್ಮೆಲ್ಲರ ಮನೆಯಲ್ಲೂ ನಡೆಯುವಂಥದ್ದೇ.

ದಿನ್ಶಾ ಕೋರ್ಟಿಗೆ ಹೋದರು. ಮಗಳು ಮೈನರ್, ಜಿನ್ನಾ ಅವಳನ್ನು ಭೇಟಿಯಾಗಬಾರದು ಎಂದು ತಡೆಯಾಜ್ಞೆ ತಂದರು. 1875ರ ಭಾರತೀಯ ಪ್ರಾಪ್ತವಯಸ್ಸಿನ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದರೆ ಮೇಜರ್. ಇಬ್ಬರೂ ಕಾದರು. 1918ರ ಫೆಬ್ರುವರಿ 20ಕ್ಕೆ ರುಟ್ಟಿಗೆ 18 ತುಂಬಿತು. ಏಪ್ರಿಲ್‌ನಲ್ಲಿ ಅವಳು ತಂದೆಯ ಮನೆ ಬಿಟ್ಟು ಹೊರಟಳು. ಏಪ್ರಿಲ್ 18ಕ್ಕೆ ಇಸ್ಲಾಂಗೆ ಮತಾಂತರ, 19ಕ್ಕೆ ಮಲಬಾರ್ ಹಿಲ್‌ನ ಮೌಂಟ್ ಪ್ಲೆಸೆಂಟ್ ರಸ್ತೆಯ ಜಿನ್ನಾ ಮನೆಯಲ್ಲಿ ನಿಕಾಹ್. ಮಗಳ ಮದುವೆಯ ಸುದ್ದಿ ದಿನ್ಶಾ ಅವರಿಗೆ ಗೊತ್ತಾದದ್ದು ಮರುದಿನದ ಪತ್ರಿಕೆಯಿಂದ ಎಂದು ಹೇಳುವುದುಂಟು.

ಮತಾಂತರ ಯಾಕೆ ಬೇಕಿತ್ತು ಎಂದು ಕೇಳಬಹುದು. ಆಗ ಇದ್ದ 1872ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಬೇಕಾದರೆ ಇಬ್ಬರೂ ತಾವು ಯಾವ ಧರ್ಮಕ್ಕೂ ಸೇರಿದವರಲ್ಲ ಎಂದು ಘೋಷಿಸಬೇಕಿತ್ತು. ಜಿನ್ನಾ ಆಗ ಮುಸ್ಲಿಂ ಕ್ಷೇತ್ರದಿಂದ ಶಾಸನಸಭೆಗೆ ಆರಿಸಿಬಂದವರು. ಹಾಗೆ ಘೋಷಿಸಿದರೆ ಕುರ್ಚಿ ಹೋಗುತ್ತಿತ್ತು. ವಿಚಿತ್ರವೆಂದರೆ 1912ರಲ್ಲಿ ಭೂಪೇಂದ್ರನಾಥ ಬಸು ಆ ಕಾಯ್ದೆಯನ್ನು ಬದಲಿಸಲು ಮಸೂದೆ ತಂದಾಗ ಅದನ್ನು ಬೆಂಬಲಿಸಿ ಮಾತಾಡಿದವರಲ್ಲಿ ಜಿನ್ನಾ ಒಬ್ಬರು. ಮಸೂದೆ ಬಿದ್ದುಹೋಯಿತು. ಆರು ವರ್ಷದ ನಂತರ ಅದರ ಬೆಲೆ ತೆತ್ತದ್ದು ಹದಿನೆಂಟರ ಹುಡುಗಿ. ತನ್ನ ಧರ್ಮ, ತವರು, ಸಮಾಜ ಮೂರನ್ನೂ ಒಂದೇ ವಾರದಲ್ಲಿ ಬಿಟ್ಟಳು.

ಪಾರ್ಸಿ ಸಮಾಜ ಕೆಂಡವಾಯಿತು, ಬಹಿಷ್ಕಾರ ಹಾಕಿತು. ಇಲ್ಲಿ ಒಂದು ವಿಷಯ ಗಮನಿಸಿ. ಜನ ಮುಖ್ಯವಾಗಿ ಕೂಗಾಡಿದ್ದು ಧರ್ಮದ ಬಗ್ಗೆ. ಇಪ್ಪತ್ತಮೂರು ವರ್ಷದ ಅಂತರ ಆ ಗಲಾಟೆಯಲ್ಲಿ ಎರಡನೇ ಸಾಲಿನ ಮಾತಾಗಿತ್ತು. ಯಾಕೆಂದರೆ ಆ ಕಾಲದ ಮುಂಬೈ-ಪುಣೆಯ ಯಾವ ಗಲ್ಲಿಗೆ ಹೋದರೂ ನಲವತ್ತರ ಗಂಡ, ಹನ್ನೆರಡರ ಹೆಂಡತಿ ಇದ್ದೇ ಇದ್ದರು.

ನ್ಯಾಯಮೂರ್ತಿಯ ಎರಡನೇ ಮದುವೆ

ಈಗ ನಲವತ್ತೈದು ವರ್ಷ ಹಿಂದಕ್ಕೆ, ಪುಣೆಗೆ ಹೋಗೋಣ.

ಮಹಾದೇವ ಗೋವಿಂದ ರಾನಡೆ ವಿಧವಾ ವಿವಾಹಕ್ಕೆ ಬೆಂಬಲ ಕೊಟ್ಟ ದೊಡ್ಡ ಸುಧಾರಕರು. 1873ರಲ್ಲಿ ಅವರ ಮೊದಲ ಹೆಂಡತಿ ತೀರಿಕೊಂಡರು. ರಾನಡೆಗೆ 31 ವರ್ಷ. ಇನ್ನು ಇವರು ಒಬ್ಬ ವಿಧವೆಯನ್ನೇ ಮದುವೆಯಾಗಿ ಮಾದರಿಯಾಗುತ್ತಾರೆ ಎಂದು ಗೆಳೆಯರು ಕಾದಿದ್ದರು. ಅದೇ ಭಯ ತಂದೆಗೂ ಇತ್ತು. ತಂದೆ ಅವಸರ ಮಾಡಿ ಹುಡುಗಿ ಹುಡುಕಿದರು, ಮಗ ತಂದೆಯ ಮಾತು ಮೀರಲಾರದೆ ಒಪ್ಪಿದರು. ಆ ಡಿಸೆಂಬರ್‌ನಲ್ಲಿ ಮದುವೆಯಾಯಿತು. ಹುಡುಗಿಗೆ 11 ವರ್ಷ. ಅವಳೇ ರಮಾಬಾಯಿ ರಾನಡೆ.

ಸುಧಾರಕರು ನಕ್ಕರು, ಸನಾತನಿಗಳೂ ನಕ್ಕರು. ನಗುವುದಕ್ಕೆ ಕಾರಣವೂ ಇತ್ತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅಕ್ಷರ ಬಾರದ ಆ ಹುಡುಗಿಗೆ ರಾನಡೆ ಮೊದಲಿನಿಂದಲೇ ಓದು ಕಲಿಸಲು ಶುರುಮಾಡಿದರು. ಮರಾಠಿ ಆಯಿತು, ಇಂಗ್ಲಿಷ್ ಆಯಿತು. ಮನೆಯ ಹಿರಿಯ ಹೆಂಗಸರು ಕೊಟ್ಟ ಕಾಟ ಅಷ್ಟಿಷ್ಟಲ್ಲ. ಹಾಗಿದ್ದರೂ ರಮಾಬಾಯಿ ಓದಿದರು, ಸಭೆಗಳಲ್ಲಿ ನಿಂತು ಮಾತಾಡಿದರು. 1901ರಲ್ಲಿ ಗಂಡ ತೀರಿಕೊಂಡ ಮೇಲೆ ಇನ್ನೂ 23 ವರ್ಷ ಬದುಕಿದರು. ಪುಣೆಯ ಸೇವಾಸದನ ಕಟ್ಟಿದರು, ಅಲ್ಲಿ ಹೆಣ್ಣುಮಕ್ಕಳಿಗೆ ಓದು, ದಾದಿಯರ ತರಬೇತಿ ಎಲ್ಲ ನಡೆಯಿತು. ಪುಣೆಯಲ್ಲಿರುವ ನಮ್ಮ ಕೇಳುಗರಲ್ಲಿ ಎಷ್ಟೋ ಜನ ಆ ಕಟ್ಟಡದ ಮುಂದೆ ದಿನಾ ಓಡಾಡುತ್ತೀರಿ. 1910ರಲ್ಲಿ ರಮಾಬಾಯಿ ಬರೆದ ನೆನಪುಗಳ ಪುಸ್ತಕ ಮರಾಠಿಯಲ್ಲಿ ಇಂದಿಗೂ ಓದಿಸಿಕೊಳ್ಳುತ್ತದೆ. ಅದು ಗಂಡನ ಬಗ್ಗೆ ಪ್ರೀತಿ, ಭಕ್ತಿಯಿಂದ ತುಂಬಿದ ಪುಸ್ತಕ.

ಈಗ ನಾವು ಏನು ಹೇಳಬೇಕು? ಒಳ್ಳೆಯ ಮದುವೆ ಎನ್ನಬೇಕೋ ಬೇಡವೋ? ಫಲ ಚೆನ್ನಾಗಿತ್ತು ಎಂದು ಶುರು ಸರಿಯಾಗಿತ್ತು ಎನ್ನಲು ಬರುವುದಿಲ್ಲ. ಹನ್ನೊಂದರ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಅವಳ ಪಾಲಿಗೆ ರಾನಡೆ ಸಿಕ್ಕಿದರು, ಅದು ಅದೃಷ್ಟ. ಎಲ್ಲರ ಪಾಲಿಗೂ ರಾನಡೆ ಸಿಗುವುದಿಲ್ಲ.

ಸಿಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕಲ್ಕತ್ತೆಯ ಫೂಲ್‌ಮಣಿ ದಾಸಿಯ ಪ್ರಕರಣ ಇದೆ. 1889ರಲ್ಲಿ, ಹತ್ತು ದಾಟಿ ಹನ್ನೊಂದರ ಆಸುಪಾಸಿನಲ್ಲಿದ್ದ ಆ ಮಗು, ಮೂವತ್ತು ದಾಟಿದ ಗಂಡನ ಜೊತೆ ಕಳೆದ ರಾತ್ರಿ ರಕ್ತಸ್ರಾವದಿಂದ ಸತ್ತಳು. ಆಗಿನ ಕಾನೂನಿನಲ್ಲಿ ಒಪ್ಪಿಗೆಯ ವಯಸ್ಸು ಬರೀ ಹತ್ತು. ಅವಳು ಹತ್ತು ದಾಟಿದ್ದಳು ಎನ್ನುವ ಕಾರಣಕ್ಕೆ ಗಂಡನ ಮೇಲೆ ಅತ್ಯಾಚಾರದ ಆರೋಪ ನಿಲ್ಲಲಿಲ್ಲ, ಒಂದು ವರ್ಷದ ಸಜೆ ಮಾತ್ರ ಆಯಿತು. ಮುಂಬೈಯಲ್ಲಿ ಬೆಹರಾಮ್‌ಜಿ ಮಲಬಾರಿ 1884ರಿಂದಲೂ ಬಾಲ್ಯವಿವಾಹದ ವಿರುದ್ಧ ಬರೆಯುತ್ತಿದ್ದರು. ಈ ಸಾವಿನ ನಂತರ ಕೂಗು ಜೋರಾಯಿತು. 1891ರಲ್ಲಿ ಸರ್ಕಾರ ಒಪ್ಪಿಗೆಯ ವಯಸ್ಸನ್ನು ಹನ್ನೆರಡಕ್ಕೆ ಏರಿಸಿತು. ಹತ್ತರಿಂದ ಹನ್ನೆರಡು, ಅಷ್ಟೇ. ಅದಕ್ಕೂ ಪುಣೆಯಲ್ಲಿ ದೊಡ್ಡ ವಿರೋಧ. ಪರದೇಶಿ ಸರ್ಕಾರ ನಮ್ಮ ಮನೆಯೊಳಗೆ ಕೈ ಹಾಕಬಾರದು ಎಂದು ವಾದಿಸಿದವರಲ್ಲಿ ತಿಲಕರು ಮುಂದೆ ಇದ್ದರು.

ಕನ್ನಡದವರು ಏನು ಮಾಡುತ್ತಿದ್ದರು?

ಇಲ್ಲಿ ನಾವು ಸ್ವಲ್ಪ ಹೆಮ್ಮೆಪಡಬಹುದು. ಹೊನ್ನಾವರದ ಹತ್ತಿರ ಕರ್ಕಿ ಎಂಬ ಊರಿದೆ. ಅಲ್ಲಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ 'ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ' ಎಂಬ ನಾಟಕ ಬರೆದರು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕ ಎಂದು ಅದನ್ನು ಕರೆಯುತ್ತಾರೆ. ವಿಷಯ ಕನ್ಯಾವಿಕ್ರಯ. ಅಂದರೆ ತೆರ ತೆಗೆದುಕೊಂಡು ಹೆಣ್ಣು ಕೊಡುವುದು.

ತೆರಕ್ಕೂ ವಯಸ್ಸಿನ ಅಂತರಕ್ಕೂ ನೇರ ಸಂಬಂಧ ಇದೆ. ಹೆಣ್ಣಿಗೆ ದುಡ್ಡು ಕೊಡಬೇಕು ಎಂದಾದರೆ ದುಡ್ಡು ಯಾರ ಹತ್ತಿರ ಇರುತ್ತದೆ? ಇಪ್ಪತ್ತರ ಹುಡುಗನ ಹತ್ತಿರ ಇರುವುದಿಲ್ಲ. ತೋಟ, ಗದ್ದೆ, ಅಧಿಕಾರ ಎಲ್ಲ ಕೈಗೆ ಬಂದ ನಲವತ್ತರ, ಐವತ್ತರ ವಿಧುರನ ಹತ್ತಿರ ಇರುತ್ತದೆ. ಬಡ ಅಪ್ಪ, ಸಾಲದ ಅಪ್ಪ ಅವನಿಗೇ ಹೆಣ್ಣು ಕೊಡುತ್ತಾನೆ. ಗಂಡ ಬೇಗ ಸಾಯುತ್ತಾನೆ, ಹುಡುಗಿ ಇಪ್ಪತ್ತಕ್ಕೇ ತಲೆ ಬೋಳಿಸಿಕೊಂಡು ಮೂಲೆ ಸೇರುತ್ತಾಳೆ. ಅವಳನ್ನು ಮತ್ತೆ ಮದುವೆಯಾಗುವ ಹಾಗಿಲ್ಲ, ಹೆಂಡತಿ ಸತ್ತ ಗಂಡಸು ಮಾತ್ರ ಮತ್ತೆ ಎಳೆ ಹುಡುಗಿಯನ್ನೇ ಹುಡುಕುತ್ತಾನೆ. ಒಂದು ಅಂತರ ಇನ್ನೊಂದು ಅಂತರವನ್ನು ಹುಟ್ಟಿಸುತ್ತಿತ್ತು.

ಇದನ್ನೇ ತೆಲುಗಿನಲ್ಲಿ ಗುರಜಾಡ ಅಪ್ಪಾರಾವ್ 'ಕನ್ಯಾಶುಲ್ಕಂ' ನಾಟಕದಲ್ಲಿ ಹಿಡಿದರು. ಹೈದರಾಬಾದಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಅದು ಮೊದಲು ರಂಗಕ್ಕೆ ಬಂದದ್ದು 1892ರಲ್ಲಿ. ಮರಾಠಿಯಲ್ಲಿ ಗೋವಿಂದ ಬಲ್ಲಾಳ ದೇವಲರ 'ಸಂಗೀತ ಶಾರದಾ' 1899ರಲ್ಲಿ ಬಂತು. ಅದರಲ್ಲಿ ಶಾರದೆ ಎಂಬ ಹುಡುಗಿಯನ್ನು ಅಪ್ಪ ದುಡ್ಡಿನಾಸೆಗೆ ಮುದುಕನಿಗೆ ಕೊಡಲು ಹೊರಡುತ್ತಾನೆ. ಅದೇ 1899ರಲ್ಲಿ ಮಂಗಳೂರಿನ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿಯಲ್ಲಿ ವಿಧವೆ ಹುಡುಗಿ ಮತ್ತೆ ಮದುವೆಯಾದಳು. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಮೂರು ಭಾಷೆ, ಹನ್ನೆರಡು ವರ್ಷ, ಒಂದೇ ಸಂಕಟ. ಈ ನಾಟಕಗಳ ಸಾಲಿನಲ್ಲಿ ನಮ್ಮ ಕರ್ಕಿಯ ಶಾಸ್ತ್ರಿಗಳದ್ದೇ ಮೊದಲನೆಯದು.

ಕಾನೂನಿನಲ್ಲಿಯೂ ಕನ್ನಡದ ನೆಲದ್ದು ಒಂದು ವಿಶೇಷ ಇದೆ. ಬ್ರಿಟಿಷ್ ಭಾರತದಲ್ಲಿ ಮದುವೆಯ ವಯಸ್ಸಿಗೆ ಯಾವ ಕಟ್ಟುಪಾಡೂ ಇಲ್ಲದಿದ್ದ ಹೊತ್ತಿಗೆ, 1894ರಲ್ಲಿ, ಮೈಸೂರು ಸಂಸ್ಥಾನ ಶಿಶುವಿವಾಹ ತಡೆಯುವ ಶಾಸನ ತಂದಿತು. ಹತ್ತನೆಯ ಚಾಮರಾಜೇಂದ್ರ ಒಡೆಯರು ಮಹಾರಾಜರು, ಶೇಷಾದ್ರಿ ಅಯ್ಯರ್ ದಿವಾನರು. ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಮಾಡಬಾರದು ಎನ್ನುವುದು ಅದರ ಒಂದು ಕಲಮು. ಇನ್ನೊಂದು ಕಲಮು ನಮ್ಮ ಇವತ್ತಿನ ವಿಷಯಕ್ಕೆ ನೇರ ಬರುತ್ತದೆ: ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಬಾರದು.

ಇಂದು ಓದಿದರೆ ನಗು ಬರಬಹುದು. ನಲವತ್ತೊಂಬತ್ತರವನು ಒಂಬತ್ತರ ಹುಡುಗಿಯನ್ನು ಆಗಬಹುದಿತ್ತು ಎಂದಾಯಿತಲ್ಲ! ಆದರೂ ಆ ಕಲಮಿನ ಹಿಂದಿನ ಯೋಚನೆ ನೋಡಿ. ಹುಡುಗಿಯ ವಯಸ್ಸು ಮಾತ್ರ ನೋಡಿದರೆ ಸಾಲದು, ಇಬ್ಬರ ನಡುವಿನ ಅಂತರವನ್ನೂ ನೋಡಬೇಕು ಎಂದು ಒಂದು ಸರ್ಕಾರಕ್ಕೆ ಅನ್ನಿಸಿತ್ತು. ಇಂದಿನ ಕಾನೂನಿನಲ್ಲಿ ಹಾಗೆ ಅಂತರದ ಲೆಕ್ಕವೇ ಇಲ್ಲ.

ಸ್ವಂತ ಇಷ್ಟದ ಮದುವೆ

ಈ ಹಿನ್ನೆಲೆ ಇಟ್ಟುಕೊಂಡು ಮತ್ತೆ 1918ಕ್ಕೆ ಬಂದರೆ ರುಟ್ಟಿ ಬೇರೆಯಾಗಿ ಕಾಣುತ್ತಾಳೆ. ಅವಳನ್ನು ಯಾರೂ ಮಾರಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ಕೋಟ್ಯಧೀಶ ಅಪ್ಪನೇ ಎದುರು ನಿಂತರೂ ಎರಡು ವರ್ಷ ಕಾದು, ಮೇಜರ್ ಆಗಿ, ತಾನೇ ನಡೆದು ಬಂದಳು.

ಮೊದಲ ವರ್ಷಗಳು ಚೆನ್ನಾಗಿದ್ದವು. ಆ 1918ರ ಡಿಸೆಂಬರ್‌ನಲ್ಲಿ ಗವರ್ನರ್ ವಿಲಿಂಗ್ಡನ್‌ಗೆ ಸ್ಮಾರಕ ಮಾಡಬೇಕು ಎಂದು ಟೌನ್‌ಹಾಲ್‌ನಲ್ಲಿ ಸಭೆ ಕರೆದಾಗ ಅದನ್ನು ಜಿನ್ನಾ ಮತ್ತು ಗೆಳೆಯರು ಎದುರಿಸಿದರು. ರುಟ್ಟಿಯೂ ಆ ಗಲಾಟೆಯಲ್ಲಿ ಜೊತೆಗಿದ್ದಳು. ಆ ಗೆಲುವಿನ ನೆನಪಿಗೆ ಜನ ಚಂದಾ ಎತ್ತಿ ಕಟ್ಟಿಸಿದ್ದೇ ಲ್ಯಾಮಿಂಗ್ಟನ್ ರಸ್ತೆಯ ಕಾಂಗ್ರೆಸ್ ಹೌಸ್ ಆವರಣದಲ್ಲಿರುವ ಪೀಪಲ್ಸ್ ಜಿನ್ನಾ ಹಾಲ್. ಪಿ. ಜೆ. ಹಾಲ್ ಎಂದರೆ ಹಳಬರಿಗೆ ಗೊತ್ತಾಗುತ್ತದೆ. 1919ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಮಗಳು ದೀನಾ ಹುಟ್ಟಿದಳು.

ಆಮೇಲೆ ನಿಧಾನವಾಗಿ ಬಿರುಕು. 1920ರ ನಾಗಪುರ ಅಧಿವೇಶನದ ನಂತರ ಜಿನ್ನಾ ಕಾಂಗ್ರೆಸ್ ಬಿಟ್ಟರು. ರಾಜಕೀಯದಲ್ಲಿ ಒಂಟಿಯಾದ ಹಾಗೆಲ್ಲ ಇನ್ನಷ್ಟು ಕೆಲಸ, ಇನ್ನಷ್ಟು ಕೋರ್ಟು, ಇನ್ನಷ್ಟು ಫೈಲು. ಅವರು ತಮ್ಮ ಬದುಕಿನ ನಡುಮಧ್ಯದಲ್ಲಿದ್ದರು. ದಿನಚರಿ, ಅಭ್ಯಾಸ, ಗುರಿ ಎಲ್ಲ ಗಟ್ಟಿಯಾಗಿ ಕೂತಿತ್ತು. ಅವಳ ಬದುಕು ಇನ್ನೂ ಶುರುವಾಗಬೇಕಿತ್ತು. ಅವಳು ಅವರ ದಿನಕ್ಕೆ ಹೊಂದಿಕೊಳ್ಳಬೇಕಾಗಿತ್ತು, ಅವರ ದಿನದಲ್ಲಿ ಅವಳಿಗೆ ಜಾಗ ಕಡಿಮೆ. ಹೋಗೋಣವೆಂದರೆ ತವರಿಲ್ಲ. ಓರಗೆಯ ಪಾರ್ಸಿ ಗೆಳತಿಯರ ಮನೆಯ ಬಾಗಿಲು ಮುಚ್ಚಿದೆ. ಸರೋಜಿನಿ ನಾಯ್ಡು ಮತ್ತು ಅವರ ಮಕ್ಕಳು, ಕಾಂಜಿ ದ್ವಾರಕಾದಾಸರಂಥ ಒಬ್ಬಿಬ್ಬರು ಗೆಳೆಯರು, ಇಷ್ಟೇ ಅವಳ ಲೋಕ. ಹೈದರಾಬಾದಿನ ಪದ್ಮಜಾ ನಾಯ್ಡುಗೆ ಅವಳು ಬರೆದ ಪತ್ರಗಳು ದೆಹಲಿಯ ತೀನ್ ಮೂರ್ತಿಯ ಗ್ರಂಥಾಲಯಕ್ಕೆ ಸೇರಿವೆ. ಅವನ್ನು ಆಧರಿಸಿ ಶೀಲಾ ರೆಡ್ಡಿ 2017ರಲ್ಲಿ ಜಿನ್ನಾ ದಂಪತಿಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು.

1928ರ ಶುರುವಿನಲ್ಲಿ ರುಟ್ಟಿ ಮಲಬಾರ್ ಹಿಲ್‌ನ ಮನೆ ಬಿಟ್ಟು ತಾಜ್ ಮಹಲ್ ಹೋಟೆಲಿನಲ್ಲಿ ಇರತೊಡಗಿದಳು. ಅಲ್ಲಿಂದ ಪ್ಯಾರಿಸ್‌ಗೆ. ಅಲ್ಲಿ ತೀರಾ ಕಾಯಿಲೆ ಬಿದ್ದಳು. ವಿಷಯ ತಿಳಿದು ಜಿನ್ನಾ ಓಡಿಹೋದರು, ಹಾಸಿಗೆಯ ಪಕ್ಕದಲ್ಲಿ ಕೂತು ಆರೈಕೆ ಮಾಡಿದರು. ಸ್ವಲ್ಪ ಸುಧಾರಿಸಿದಳು, ಆದರೆ ಮತ್ತೆ ಒಂದಾಗಲಿಲ್ಲ. ಆ ಅಕ್ಟೋಬರ್‌ನಲ್ಲಿ ಮಾರ್ಸೆಯಿಂದ ಹಡಗು ಹತ್ತುವಾಗ ಅವಳು ಗಂಡನಿಗೆ ಬರೆದ ಪತ್ರ ಉಳಿದಿದೆ. ದೂರುವ ಪತ್ರ ಅಲ್ಲ ಅದು, ಪ್ರೀತಿಯಿಂದಲೇ ಬೀಳ್ಕೊಟ್ಟ ಪತ್ರ.

1929ರ ಫೆಬ್ರುವರಿ 20. ಅವಳ ಇಪ್ಪತ್ತೊಂಬತ್ತನೇ ಹುಟ್ಟುಹಬ್ಬ. ಅಂದೇ ಮುಂಬೈಯಲ್ಲಿ ತೀರಿಕೊಂಡಳು. ಮಜಗಾಂವ್‌ನ ಆರಾಮ್‌ಬಾಗ್ ಖೋಜಾ ಸ್ಮಶಾನದಲ್ಲಿ ಮಣ್ಣು ಮಾಡಿದರು. ಯಾರೆದುರೂ ಭಾವನೆ ತೋರಿಸದ ಜಿನ್ನಾ ಅಂದು ಅತ್ತರು ಎಂದು ಛಾಗ್ಲಾ ಬರೆದಿದ್ದಾರೆ. 1947ರ ಆಗಸ್ಟ್‌ನಲ್ಲಿ ಕರಾಚಿಗೆ ಹೊರಡುವ ಮುಂಚೆ ಜಿನ್ನಾ ಕೊನೆಯ ಸಲ ಆ ಸಮಾಧಿಗೆ ಹೋಗಿದ್ದರು ಎಂದೂ ಹೇಳುತ್ತಾರೆ.

ಅವಳ ಸಾವಿನ ಏಳು ತಿಂಗಳ ನಂತರ, 1929ರ ಸೆಪ್ಟೆಂಬರ್‌ನಲ್ಲಿ, ಬಾಲ್ಯವಿವಾಹ ತಡೆ ಮಸೂದೆ ಕೇಂದ್ರ ಶಾಸನಸಭೆಯಲ್ಲಿ ಚರ್ಚೆಗೆ ಬಂತು. ಅಜ್ಮೇರಿನ ಹರಬಿಲಾಸ್ ಸಾರ್ದಾ ತಂದ ಮಸೂದೆ. (ನಮ್ಮವರು ಅದನ್ನು ಶಾರದಾ ಕಾಯ್ದೆ ಎಂದೇ ಕರೆದರು. ಮಹಾರಾಷ್ಟ್ರದಲ್ಲಿ ಎಷ್ಟೋ ಜನ ಅದು ದೇವಲರ ನಾಟಕದ ಶಾರದೆಯ ಹೆಸರು ಎಂದುಕೊಂಡಿದ್ದಾರೆ. ಅದು ಸಾರ್ದಾ ಅವರ ಹೆಸರು.) ಹುಡುಗಿಗೆ 14, ಹುಡುಗನಿಗೆ 18 ಕನಿಷ್ಠ ವಯಸ್ಸು. ಹಲವು ಮುಸ್ಲಿಂ ಸದಸ್ಯರು ಅದನ್ನು ವಿರೋಧಿಸಿದರೂ ಜಿನ್ನಾ ಬೆಂಬಲಿಸಿ ಮಾತಾಡಿದರು. 1930ರ ಏಪ್ರಿಲ್ 1ರಿಂದ ಕಾಯ್ದೆ ಜಾರಿಗೆ ಬಂತು.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. 1938ರಲ್ಲಿ ಮಗಳು ದೀನಾ, ಪಾರ್ಸಿ ಮೂಲದ ನೆವಿಲ್ ವಾಡಿಯಾ ಅವರನ್ನು ಮದುವೆಯಾಗುತ್ತೇನೆ ಎಂದಾಗ ಜಿನ್ನಾ ಒಪ್ಪಲಿಲ್ಲ. ಇಪ್ಪತ್ತು ವರ್ಷದ ಹಿಂದೆ ದಿನ್ಶಾ ಪೆಟಿಟ್ ನಿಂತ ಜಾಗದಲ್ಲಿ ಈಗ ಅವರೇ ನಿಂತಿದ್ದರು.

ಎರಡು ಪ್ರಶ್ನೆ

ನಮ್ಮಜ್ಜಿಯ ಮದುವೆ 1933ರಲ್ಲಿ ಎಂದೆನಲ್ಲ. ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ಶಾರದಾ ಕಾಯ್ದೆ ಜಾರಿಗೆ ಬಂದು ಮೂರು ವರ್ಷವಾಗಿತ್ತು. ಹದಿಮೂರರ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧ. ಸಾವಿರ ರೂಪಾಯಿ ದಂಡ, ಒಂದು ತಿಂಗಳ ಸಜೆಯವರೆಗೆ ಅವಕಾಶ ಇತ್ತು. ಆದರೆ ಮದುವೆ ಮುಗಿದುಹೋದರೆ ಅದು ಅಸಿಂಧು ಆಗುತ್ತಿರಲಿಲ್ಲ, ಯಾರಾದರೂ ದೂರು ಕೊಟ್ಟರೆ ಮಾತ್ರ ಕೇಸು. ಊರಿನಲ್ಲಿ ದೂರು ಕೊಡುವವರು ಯಾರು? ಊಟಕ್ಕೆ ಕೂತವರೇ ಎಲ್ಲ.

ಅಜ್ಜ ಕೆಟ್ಟವರಾಗಿರಲಿಲ್ಲ ಎಂದೇ ಎಲ್ಲರೂ ಹೇಳುತ್ತಾರೆ. ಅಜ್ಜಿಯೂ ಹಾಗೇ ಹೇಳುತ್ತಿದ್ದಳು. ಅವಳ 33ನೇ ವಯಸ್ಸಿಗೆ ಅಜ್ಜ ಹೋದರು. ಐದು ಮಕ್ಕಳು, ಭಾವಂದಿರ ಕೈಯಲ್ಲಿ ತೋಟದ ಲೆಕ್ಕ. ಲೆಕ್ಕ ಕೇಳಲು ಅವಳಿಗೆ ಓದು ಬರುತ್ತಿರಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ, "ಅಜ್ಜಿ, ನಿಂಗೆ ಅಜ್ಜ ಇಷ್ಟ ಆಗಿದ್ರಾ?" ಎಂದು ಕೇಳಿದ್ದೆ. ಅಡಿಕೆ ಕತ್ತರಿಸುತ್ತಿದ್ದವಳು ತಲೆ ಎತ್ತದೇ, "ಇದನ್ನ ಈಗ ಕೇಳ್ತಾ ಇದೀಯಲ್ಲ ತಮ್ಮಾ" ಎಂದಳು. ಅಷ್ಟೇ. ನನಗೆ ಆಗ ಅರ್ಥವಾಗಿರಲಿಲ್ಲ.

ಹಾಗಾಗಿ ಅಕ್ಕನ ಮಗಳಿಗೆ ನಾನು ಹೇಳಿದ ಮೊದಲ ಮಾತು ಇದು: ನಿನ್ನದನ್ನೂ ಅಜ್ಜಿಯದನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಅಂತರದ ಅಂಕಿ ಹತ್ತಿರ ಹತ್ತಿರ ಇರಬಹುದು, ಆದರೆ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಅವಳ ಮದುವೆಯನ್ನು ನಿನ್ನ ಪರವಾಗಿ ಸಾಕ್ಷಿಗೆ ಕರೆಯುವುದು ಅವಳಿಗೆ ಮಾಡುವ ಅನ್ಯಾಯ.

ಅಕ್ಕನಿಗೆ ಹೇಳಿದ್ದು ಬೇರೆ: ಅವಳು ಮಗುವಲ್ಲ. ಹದಿನೆಂಟರೊಳಗಿನ ಹುಡುಗಿಯಾಗಿದ್ದರೆ ಇದು ಚರ್ಚೆಯ ವಿಷಯವೇ ಅಲ್ಲ, ಪೊಲೀಸರ ವಿಷಯ. ಇಪ್ಪತ್ತೇಳರವಳು ಯಾರ ಜೊತೆ ಇರಬೇಕು ಎನ್ನುವುದನ್ನು ತಾನೇ ನಿರ್ಧರಿಸಲಿ ಎನ್ನುವುದಕ್ಕೇ ಮಲಬಾರಿಯಿಂದ ಹಿಡಿದು ಕರ್ಕಿಯ ಶಾಸ್ತ್ರಿಗಳವರೆಗೆ ಅಷ್ಟು ಜನ ಬೈಸಿಕೊಂಡದ್ದು.

ಆದರೆ ಯಾರು ನಿರ್ಧಾರ ಮಾಡಿದರು ಎನ್ನುವುದು ಒಂದು ಪ್ರಶ್ನೆ ಮಾತ್ರ. ರುಟ್ಟಿ ಆ ಪ್ರಶ್ನೆಯಲ್ಲಿ ಪಾಸಾದವಳು. ರಮಾಬಾಯಿ ಅದರಲ್ಲಿ ಫೇಲು. ಆದರೂ ಕೊನೆಗೆ ನೋಡಿದರೆ ರಮಾಬಾಯಿಯ ಕೈಯಲ್ಲಿ ಓದಿತ್ತು, ಗೆಳತಿಯರಿದ್ದರು, ಸಂಸ್ಥೆ ಇತ್ತು, ಗಂಡ ಹೋದ ಮೇಲೂ ನಡೆಸಲು ಒಂದು ಕೆಲಸ ಇತ್ತು. ರುಟ್ಟಿಯ ಕೈಯಲ್ಲಿ ಗಂಡ ಒಬ್ಬರೇ ಇದ್ದರು. ಅವರು ಬಿಡುವಿಲ್ಲದವರಾದಾಗ ಅವಳಿಗೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ಇದು ಅವಳ ತಪ್ಪಲ್ಲ, ಪೂರ್ತಿ ಜಿನ್ನಾ ಅವರ ತಪ್ಪೂ ಅಲ್ಲ. ಬಾಗಿಲು ಹಾಕಿಕೊಂಡ ಅಪ್ಪ-ಅಮ್ಮ, ಬಹಿಷ್ಕಾರ ಹಾಕಿದ ಸಮಾಜ, ಧರ್ಮ ಬಿಡದೆ ಮದುವೆಯಾಗಲು ಬಿಡದ ಕಾನೂನು, ಎಲ್ಲರದೂ ಪಾಲು ಇದೆ.

ಆದ್ದರಿಂದ ಎರಡನೇ ಪ್ರಶ್ನೆ ಇದು: ಆ ಸಂಬಂಧದ ಹೊರಗೆ ಅವಳಿಗೆ ಏನು ಉಳಿದಿದೆ? ದೊಡ್ಡವರ ಜೊತೆ ಇರುವಾಗ ಅವರ ಗೆಳೆಯರು, ಅವರ ಮನೆ, ಅವರ ದಿನಚರಿ, ಅವರ ದುಡ್ಡು ಎಲ್ಲ ಮೊದಲೇ ಸಿದ್ಧವಾಗಿರುತ್ತದೆ. ಚಿಕ್ಕವರು ಅದರೊಳಗೆ ಹೋಗಿ ಕೂರುವುದು ಬಹಳ ಸುಲಭ. ಸ್ವಂತದ್ದನ್ನು ಉಳಿಸಿಕೊಳ್ಳುವುದು ಕಷ್ಟ.

ಇದನ್ನೆಲ್ಲ ಕೇಳಿ ಅಕ್ಕನ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಾವ, ನಿನ್ನ ರುಟ್ಟಿಗೆ ಸಂಬಳ ಬರ್ತಿತ್ತಾ?" ಎಂದು ಕೇಳಿದಳು. ಇಲ್ಲ ಎಂದೆ. "ನಂಗೆ ಬರತ್ತೆ. ಗೆಳತಿಯರೂ ಇದಾರೆ. ಆದ್ರೆ ಅಮ್ಮ ಮಾತು ಬಿಟ್ಟಿದಾಳಲ್ಲ, ಅದಕ್ಕೇನು ಮಾಡ್ಲಿ?"

ಆ ಮಾತನ್ನು ಹಾಗೇ ಅಕ್ಕನಿಗೆ ದಾಟಿಸಿದೆ. ದಿನ್ಶಾ ಪೆಟಿಟ್ ಬಾಗಿಲು ಹಾಕಿಕೊಂಡು ಏನು ಗೆದ್ದರು ಎಂದೂ ಕೇಳಿದೆ. ನಿನಗೆ ಈ ಸಂಬಂಧ ಇಷ್ಟವಾಗಬೇಕಾಗಿಲ್ಲ, ಅದು ಮುಂದೆ ಉಳಿಯುತ್ತದೋ ಮುರಿಯುತ್ತದೋ ನನಗೂ ಗೊತ್ತಿಲ್ಲ. ಮುರಿದರೆ ಅವಳು ಬರಬೇಕಾದದ್ದು ನಿನ್ನ ಮನೆಗೇ. ಹೋಟೆಲಿನ ರೂಮಿಗೆ ಅಲ್ಲ. ಅಕ್ಕ ಏನೂ ಹೇಳದೆ ಫೋನ್ ಇಟ್ಟಳು. ಕಳೆದ ಭಾನುವಾರ ಮಗಳಿಗೆ ಫೋನ್ ಮಾಡಿ, ಗಣಪತಿ ಹಬ್ಬಕ್ಕೆ ಬರುತ್ತೀಯೋ ಇಲ್ಲವೋ ಎಂದು ಕೇಳಿದ್ದಾಳೆ. ಒಬ್ಬಳೇ ಬಾ ಎಂದಳೋ ಇಬ್ಬರೂ ಬನ್ನಿ ಎಂದಳೋ ನನಗೆ ಗೊತ್ತಾಗಿಲ್ಲ, ಕೇಳಿಯೂ ಇಲ್ಲ.

ನಿಮ್ಮ ಮನೆಯಲ್ಲೂ ಗೋಡೆಯ ಮೇಲೆ ಅಂಥ ಒಂದು ಹಳೆಯ ಫೋಟೋ ಇರಬಹುದು. ಒಮ್ಮೆ ಅದರಲ್ಲಿರುವ ಇಬ್ಬರ ಹುಟ್ಟಿದ ಇಸವಿ, ಮದುವೆಯಾದ ಇಸವಿ ವಿಚಾರಿಸಿ ನೋಡಿ. ಆ ಅಜ್ಜಿ ಇನ್ನೂ ಇದ್ದರೆ ಪಕ್ಕದಲ್ಲಿ ಕೂತು ಕೇಳಿ. ನಾನು ತಡ ಮಾಡಿ ಕೇಳಿದೆ, ನೀವು ತಡ ಮಾಡಬೇಡಿ.